ಬಾಯಿಪಾಠದ ಇಪ್ಪತ್ತು ಚಿತ್ರಗಳು

ಕಳೆದ ಮಂಗಳವಾರ ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂ ತೋರಿಸಿದ ಇಪ್ಪತ್ತು ಚಿತ್ರಗಳಲ್ಲಿ ನಾಲ್ಕಕ್ಕೆ ಮಾತ್ರ ಅಪ್ಪನ ಬಾಯಿಂದ ಹೆಸರು ಬಂದಿತ್ತು. ಪಾರ್ಶ್ವವಾಯು ಹೊಡೆದಾಗ ಬಲಗೈಯ ಜೊತೆ ಮಾತೂ ಬಿದ್ದುಹೋಗಿತ್ತು. ಮೂವತ್ತು ವರ್ಷ ಬಟ್ಟೆ ಹೊಲಿದ ಮನುಷ್ಯ, ಕತ್ತರಿಯ ಚಿತ್ರ ನೋಡಿ "ಅದು... ಅದೇ..." ಎಂದು ತಡಕಾಡಿ, ಎಡಗೈಯ ಎರಡು ಬೆರಳಲ್ಲಿ ಗಾಳಿ ಕತ್ತರಿಸಿ ತೋರಿಸಿ, ತಲೆ ತಗ್ಗಿಸಿದ್ದರು.

ಮಗಳಿಗೆ ಅದನ್ನು ನೋಡಲಾಗಲಿಲ್ಲ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವಳಿಗೆ ಗೊತ್ತಿದ್ದ ವಿದ್ಯೆ ಎಂದರೆ ಬಾಯಿಪಾಠ. ಮೇಡಂ ಪುಸ್ತಕದ ಚಿತ್ರಗಳು ಸಾಲಾಗಿ ನೆನಪಿದ್ದವು. ವಾರವಿಡೀ ಮಗ್ಗಿಯ ಹಾಗೆ ಹೇಳಿಸಿದಳು: ಬಾಚಣಿಗೆ, ಬೀಗ, ಏಣಿ, ಕತ್ತರಿ.

"ಅವರನ್ನ ಗಿಳಿ ಮಾಡಿ ಪಂಜರಕ್ಕೆ ಹಾಕ್ತೀಯೇನೇ?" ಎಂದಿದ್ದಳು ಅಮ್ಮ.

ಇವತ್ತು ಮೇಡಂ ಹಾಳೆ ತಿರುಗಿಸಿದಂತೆಲ್ಲ ಅಪ್ಪ ಪಟಪಟ ಹೇಳಿದರು. ಹದಿನೆಂಟು ಸರಿ. ಮಗಳ ಕಡೆ ತಿರುಗಿ ಹುಬ್ಬು ಹಾರಿಸಿದರು.

"ಭೇಷ್ ಯಜಮಾನ್ರೇ," ಮೇಡಂ ನಕ್ಕರು. "ಇನ್ನು ನೀವು ಬರೋದೇ ಬೇಡ. ನಿಮ್ಮ ಜಾಗಕ್ಕೆ ಹನ್ನೊಂದು ಜನ ಕಾಯ್ತಿದ್ದಾರೆ."

ಮಗಳಿಗೆ ಬೆಳಗಿನದು ನೆನಪಾಯಿತು. ನೀರು ಕೇಳಲು ಮಾತು ಸಿಗದೆ ಅಪ್ಪ ಲೋಟ ಕುಟ್ಟಿದ್ದರು. ತಾನು ಬಾಯಿ ಮುಚ್ಚಿಕೊಂಡರೆ ಅವರ ಪಾಠ ಇಲ್ಲಿಗೇ ನಿಲ್ಲುತ್ತದೆ. ಬಾಯಿ ಬಿಟ್ಟರೆ ಅವರ ಮುಂದೆಯೇ ಅವರ ಮಾನ ಹೋಗುತ್ತದೆ.

"ಮೇಡಂ," ಎಂದಳು ಅವಳು ಮೆಲ್ಲಗೆ. "ಒಂದ್ಸಲ ಹಿಂದಿನಿಂದ ತೋರಿಸಿ."

ಮೇಡಂ ಕೊನೆಯ ಹಾಳೆ ತೆರೆದರು. ಕೊಡೆ.

"ಬಾಚಣಿಗೆ," ಎಂದರು ಅಪ್ಪ, ಧೈರ್ಯವಾಗಿ.

ಮುಂದಿನದು ಸುತ್ತಿಗೆ. "ಬೀಗ." ಅಷ್ಟರಲ್ಲಿ ಏನೋ ಹೊಳೆದು ಚಿತ್ರವನ್ನೇ ದಿಟ್ಟಿಸಿದರು. ಮುಖ ಕಿವಿಯ ತನಕ ಕೆಂಪೇರಿತು. ಮೂರನೆಯದಕ್ಕೆ ಬಾಯಿ ತೆರೆಯಲಿಲ್ಲ.

"ನಾನೇ ಹೇಳಿಕೊಟ್ಟಿದ್ದು," ಎಂದಳು ಮಗಳು, ನೆಲ ನೋಡುತ್ತ. "ಅವರದೇನೂ ತಪ್ಪಿಲ್ಲ."

ಮೇಡಂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪೆನ್ಸಿಲಿನಲ್ಲಿ ಬರೆದಿದ್ದ ಹದಿನೆಂಟನ್ನು ರಬ್ಬರಿನಿಂದ ಅಳಿಸಿ, ಪುಡಿ ಊದಿ, "ಮುಂದಿನ ಮಂಗಳವಾರ ಬನ್ನಿ. ಬೇರೆ ಪುಸ್ತಕ ತರ್ತೀನಿ. ಮನೇಲಿ ಬಾಯಿಪಾಠ ಬೇಡಮ್ಮ, ಎದುರಿಗಿರೋ ವಸ್ತು ತೋರಿಸಿ ಕೇಳು. ಎಷ್ಟು ಹೊತ್ತಾದ್ರೂ ಕಾಯಿ," ಎಂದರು.

ಮೆಟ್ಟಿಲ ಬಳಿ ಅವಳು ಎಂದಿನಂತೆ ಕೈ ಚಾಚಿದಳು. ಅಪ್ಪ ಹಿಡಿಯಲಿಲ್ಲ. ಎಡಗೈಯಲ್ಲಿ ಕಂಬಿ ಹಿಡಿದು, ಗೋಡೆ ನೋಡುತ್ತ, ಒಂದೊಂದೇ ಮೆಟ್ಟಿಲು ಇಳಿದರು. ಜಾರಿದರೆ ಹಿಡಿಯಬೇಕಲ್ಲ ಎಂದು ಅವಳು ಎರಡು ಮೆಟ್ಟಿಲು ಮುಂದೆ, ಹಿಮ್ಮುಖವಾಗಿ ಇಳಿದಳು. ಅವರ ಮುಖವೊಂದನ್ನು ಬಿಟ್ಟು ಉಳಿದದ್ದೆಲ್ಲ ನೋಡಿಕೊಂಡು.