ನೋಡ್ಕೊಂಡು ಹೋಗು

ಎರಡು ದಿನದ ರಜೆಗಾಗಿ ದೊಡ್ಡಕ್ಕ ಮೇಲಿನವರ ಮುಂದೆ ಮೂರು ಸಲ ಕೈಕಟ್ಟಿ ನಿಂತಿದ್ದಳು. ಸಣ್ಣ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಆಯಾ ಆಗಿ, ಹಾಸಿಗೆ ಹಿಡಿದವರ ಮೈ ಒರೆಸಿ, ಮಗ್ಗುಲು ಬದಲಿಸಿ, ತನಗಿಂತ ಹಿರಿಯ ರೋಗಿಗಳಿಂದಲೂ ದೊಡ್ಡಕ್ಕ ಅನಿಸಿಕೊಂಡವಳು ಅವಳು. ರಜೆ ಕೇಳಿದ್ದು ತಂಗಿಯ ಒಂದು ಫೋನಿನಿಂದಾಗಿ.

"ಅಕ್ಕ, ಶನಿವಾರ ಭಾನುವಾರ ಬಂದು ನೋಡ್ಕೊಂಡು ಹೋಗು," ಎಂದಿದ್ದಳು ತಂಗಿ.

ಏನನ್ನು ಎಂದು ಅವಳು ಹೇಳಲಿಲ್ಲ, ಇವಳು ಕೇಳಲಿಲ್ಲ. ಮಹಾನಗರದಲ್ಲಿ ಮನೆ ಮಾಡಿಕೊಂಡ ತಂಗಿ ಹಾಗೆಂದರೆ, ಊರನ್ನು ಎಂದಲ್ಲದೆ ಇನ್ನೇನು ತಿಳಿಯಬೇಕು? ದೊಡ್ಡಕ್ಕ ಔಷಧಿ ಚೀಟಿಯ ಬೆನ್ನಿಗೆ ಪಟ್ಟಿ ಮಾಡಿದಳು. ಮ್ಯೂಸಿಯಮ್ಮಿನ ತಿಮಿಂಗಿಲ, ನದಿಯಲ್ಲಿ ದೋಣಿ, ಗಾಜಿನ ಲಿಫ್ಟು. ಉಳಿದೆರಡು ತಪ್ಪಿದರೂ ತಿಮಿಂಗಿಲ ತಪ್ಪಬಾರದು ಎಂದು ಅದರ ಕೆಳಗೆ ಎರಡು ಗೆರೆ ಎಳೆದಳು.

ಶನಿವಾರ ಬೆಳಿಗ್ಗೆ ಬಸ್ಸಿಳಿದು ಬಾಗಿಲು ತಟ್ಟಿದರೆ, ಒಳಗೆ ಎರಡು ಸೂಟ್‌ಕೇಸು ಹೊರಟು ನಿಂತಿದ್ದವು. ತಂಗಿಯ ಗಂಡ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಸದ್ಯ ಬಂದ್ಯಲ್ಲ," ಎಂದಳು ತಂಗಿ. "ಅತ್ತೆ ಮಾತ್ರೆ ಫ್ರಿಜ್ ಮೇಲಿದೆ. ಮಧ್ಯಾಹ್ನ ಮೆತ್ತಗೆ ಏನಾದ್ರೂ ಮಾಡ್ಕೊಡು. ಬಾತ್‌ರೂಮಿಗೆ ಹೋಗುವಾಗ ಕೈ ಹಿಡ್ಕೋ. ನಾವು ನಾಳೆ ಸಂಜೆ ಬಂದ್ಬಿಡ್ತೀವಿ."

"ಎಲ್ಲಿಗೆ ಹೊರಟ್ರಿ?"

"ಇವರ ಆಫೀಸಿನವರೆಲ್ಲ ಸಮುದ್ರದ ಕಡೆ ಹೋಗ್ತಿದ್ದಾರೆ. ಅತ್ತೆನ ನೋಡ್ಕೊಂಡು ಹೋಗು ಅಂತ ತಾನೆ ನಿನ್ನ ಕರೆದಿದ್ದು."

"ನಾನು ಊರು ಅಂದ್ಕೊಂಡೆ."

ತಂಗಿ ನಕ್ಕುಬಿಟ್ಟಳು. "ಊರಲ್ಲೇನಿದೆ ಅಕ್ಕ, ಬರೀ ಟ್ರಾಫಿಕ್ಕು. ಅಲ್ದೆ ನಿಂಗೆ ಇದೆಲ್ಲ ಅಭ್ಯಾಸ."

ಅಭ್ಯಾಸ! ಆ ಒಂದು ಮಾತಿಗೆ ದೊಡ್ಡಕ್ಕನ ಪಿತ್ತ ನೆತ್ತಿಗೇರಿತು. ಕತ್ತೆಗೆ ಹೊರೆ ಅಭ್ಯಾಸ, ಬಿಡುವಿನ ದಿನವೂ ಹೊರಲಿ ಎನ್ನುವ ಧಾಟಿ. ತಕ್ಕ ಉತ್ತರ ನಾಲಗೆಯ ತುದಿಗೆ ಬರುವಷ್ಟರಲ್ಲಿ ಸೂಟ್‌ಕೇಸು, ಗಂಡ, ತಂಗಿ ಎಲ್ಲ ಲಿಫ್ಟಿನಲ್ಲಿ ಇಳಿದುಹೋಗಿದ್ದರು. ಅಡುಗೆಮನೆಗೆ ನುಗ್ಗಿದವಳು ಕೈಗೆ ಸಿಕ್ಕ ಪಾತ್ರೆಯನ್ನೆಲ್ಲ ಕುಕ್ಕತೊಡಗಿದಳು.

"ಆ ಪಾತ್ರೆ ನಿಂಗೇನು ಮಾಡ್ತಮ್ಮ?" ಎಂಬ ಮಾತು ಒಳಕೋಣೆಯಿಂದ ಬಂತು.

ತಂಗಿಯ ಅತ್ತೆ ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕುಳಿತಿದ್ದರು. ಕಿಟಕಿಯಾಚೆ ಕಾಣುತ್ತಿದ್ದುದು ಪಕ್ಕದ ಕಟ್ಟಡದ ಗೋಡೆ ಮತ್ತು ಒಂದು ನೀರಿನ ಪೈಪು.

"ಏನಿಲ್ಲಮ್ಮ."

"ಹೋಗಿರೋದು ಮಂಡಿ, ಕಿವಿಯಲ್ಲ. ಎಲ್ಲ ಕೇಳಿಸ್ತು. ನಾನೇನು ಒಲೆ ಮೇಲಿಟ್ಟ ಹಾಲಾ, ಉಕ್ಕದ ಹಾಗೆ ಯಾರಾದ್ರೂ ನೋಡ್ಕೊಂಡು ನಿಂತಿರೋಕೆ?" ಮುದುಕಿ ಕುರ್ಚಿಯ ಕೈಯನ್ನು ಗುದ್ದಿದರು. ಸಿಟ್ಟು ಈ ಮನೆಯಲ್ಲಿ ತನ್ನೊಬ್ಬಳ ಸ್ವತ್ತಲ್ಲ ಎಂದು ದೊಡ್ಡಕ್ಕನಿಗೆ ಆಗ ತಿಳಿಯಿತು. "ಎಲ್ಲಿಗೆ ಹೋಗ್ಬೇಕು ಅಂತಿದ್ದೆ ನೀನು?"

ದೊಡ್ಡಕ್ಕ ಚೀಟಿ ತೋರಿಸಿದಳು.

"ತಿಮಿಂಗಿಲನೇ ಯಾಕೆ?"

"ಐದನೇ ಕ್ಲಾಸಲ್ಲಿ ಆ ಪಾಠ ಅರ್ಧ ಆಗಿತ್ತಮ್ಮ. ಅಷ್ಟರಲ್ಲಿ ನಿಮ್ಮ ಸೊಸೆ ಹುಟ್ಟಿದ್ಲು. ಎತ್ಕೊಳ್ಳೋಕೆ ಜನ ಬೇಕು ಅಂತ ನನ್ನ ಶಾಲೆ ಬಿಡಿಸಿದ್ರು."

ಮುದುಕಿ ಕುರ್ಚಿಯನ್ನು ಕಿಟಕಿಯಿಂದ ಈಚೆಗೆ ತಿರುಗಿಸಿದರು. "ನನ್ನ ಚಪ್ಪಲಿ ಎಲ್ಲಿಟ್ಟಿದ್ದಾರೋ ಹುಡುಕು," ಎಂದರು.

ಹುಡುಕಲು ಅರ್ಧ ಗಂಟೆ ಹಿಡಿಯಿತು. ಚಪ್ಪಲಿ ಅಟ್ಟದ ಮೇಲೆ, ಕೆಟ್ಟುಹೋದ ಮಿಕ್ಸಿ ಮತ್ತು ಹಳೆಯ ಪರದೆಗಳ ಜೊತೆ, ಚೀಲದಲ್ಲಿ ಬಿಗಿಯಾಗಿ ಗಂಟು ಹಾಕಿಕೊಂಡು ಬಿದ್ದಿತ್ತು. ಜೀವ ಇರುವಾಗಲೇ ಒಬ್ಬರ ಚಪ್ಪಲಿಯನ್ನು ಅಟ್ಟಕ್ಕೆ ಎಸೆಯುವ ಜನ ಎಂಥವರು? ದೊಡ್ಡಕ್ಕ ಹಲ್ಲು ಕಚ್ಚಿಕೊಂಡೇ ಆ ಕಾಲುಗಳಿಗೆ ಅದನ್ನು ತೊಡಿಸಿದಳು.

ಕೆಳಗೆ ಬೀದಿಗಿಳಿಯಲು ಆರು ಮೆಟ್ಟಿಲು. ಕುರ್ಚಿಯನ್ನು ಹಿಂದುಮುಂದು ತಿರುಗಿಸಿ, ಬೆನ್ನಿನ ಕಡೆಯಿಂದ ಒಂದೊಂದೇ ಮೆಟ್ಟಿಲು ಇಳಿಸುವುದು ಆಸ್ಪತ್ರೆಯವರ ಪದ್ಧತಿ. ಕುಳಿತವರು ಮುಗ್ಗರಿಸುವುದಿಲ್ಲ. ಗೇಟಿನಲ್ಲಿ ಕಾವಲುಗಾರ ಅಡ್ಡ ಬಂದ.

"ಅಮ್ಮನ್ನ ಹೊರಗೆ ಬಿಡಬೇಡ ಅಂತ ಸಾಹೇಬ್ರು ಹೇಳಿದ್ದಾರೆ."

"ಸಾಹೇಬ್ರನ್ನ ಹೆತ್ತವರು ಇವರು," ಎಂದಳು ದೊಡ್ಡಕ್ಕ. "ಗೇಟು ತೆಗಿ."

ಅವಳ ಮುಖ ನೋಡಿ ಅವನು ತೆಗೆದ.

ಮ್ಯೂಸಿಯಮ್ಮಿನ ಟಿಕೆಟ್ ಕಿಟಕಿಯವನು ಇಬ್ಬರೂ ಕತ್ತೆತ್ತಿ ಸುತ್ತ ನೋಡುವುದು ಕಂಡು, "ಊರಿಗೆ ಹೊಸಬ್ರಾ?" ಎಂದು ವಿಚಾರಿಸಿದ.

"ಹೂನಪ್ಪ, ಹೊಸಬರೇ," ಎಂದರು ಮುದುಕಿ. "ಬಂದು ಒಂಬತ್ತು ವರ್ಷ ಆಯ್ತು."

ತಿಮಿಂಗಿಲದ ಎಲುಬುಗಳನ್ನು ಸೂರಿನಿಂದ ಉಕ್ಕಿನ ಹಗ್ಗದಲ್ಲಿ ತೂಗುಹಾಕಿದ್ದರು. ತಲೆ ಈ ಗೋಡೆಗಿದ್ದರೆ ಬಾಲ ಆ ಗೋಡೆಗಿತ್ತು. ಪಕ್ಕೆಲುಬುಗಳ ಅಡಿಯಲ್ಲಿ ನಿಂತು ದೊಡ್ಡಕ್ಕ ಕತ್ತೆತ್ತಿದಳು. ಸಂತೋಷವಾಗುತ್ತದೆ ಎಂದುಕೊಂಡಿದ್ದಳು, ಆಯಿತು ಕೂಡ. ಆದರೆ ಅದರ ಹಿಂದೆಯೇ ನುಗ್ಗಿ ಬಂದದ್ದು ಕೋಪ. ಇದು ಒಂದು ಬಸ್ಸಿನಷ್ಟೇ ದೂರದಲ್ಲಿತ್ತು. ಯಾರೂ ಬಚ್ಚಿಟ್ಟಿರಲಿಲ್ಲ, ಯಾರೂ ಕರೆದೊಯ್ದಿರಲಿಲ್ಲ, ಅಷ್ಟೆ.

ಆಗಲೇ ಫೋನು ಬಂತು. ಕಾವಲುಗಾರ ವರದಿ ಒಪ್ಪಿಸಿದ್ದ.

"ಅಕ್ಕ, ನಿಂಗೇನು ತಲೆ ಕೆಟ್ಟಿದ್ಯಾ?" ತಂಗಿಯ ದನಿ ಹಾಲ್‌ ತುಂಬ ಕೇಳಿಸಿತು. "ಅತ್ತೆಗೆ ಏನಾದ್ರೂ ಆಗ್ಬಿಟ್ರೆ ಯಾರು ಜವಾಬ್ದಾರಿ? ಈಗ್ಲೇ ಮನೆಗೆ ಕರ್ಕೊಂಡು ಹೋಗು."

ದೊಡ್ಡಕ್ಕ ಬಾಯಿ ತೆರೆಯುವ ಮೊದಲೇ ಮುದುಕಿ ಕೈ ಚಾಚಿ ಫೋನು ಕಿತ್ತುಕೊಂಡರು.

"ಏನಾದ್ರೂ ಆಗ್ಬಿಟ್ರೆ ಅಂತ ಇಷ್ಟು ವರ್ಷ ಏನೂ ಆಗದ ಹಾಗೆ ಇಟ್ಟಿದ್ದೀರಲ್ಲಮ್ಮ. ಇವತ್ತು ನಂಗೇನೋ ಆಗ್ತಿದೆ. ಫೋನ್ ಇಡು."

ಕರೆ ನಿಲ್ಲಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ. ಇನ್ನೂ ಮಾತಾಡುತ್ತಲೇ ಇದ್ದ ಫೋನನ್ನು ಮಡಿಲಲ್ಲಿ ಮಗುಚಿ ಹಾಕಿ, ತಿಮಿಂಗಿಲದ ತಲೆಯ ಕಡೆಗೆ ಕುರ್ಚಿ ತಳ್ಳು ಎಂದು ದೊಡ್ಡಕ್ಕನಿಗೆ ಸನ್ನೆ ಮಾಡಿದರು.