ಮೂರು ಫೋನಿಗೆ ಒಂದೇ ಹಾಳೆ

ಅವಳು ಆ ಕಚೇರಿಗೆ ಸೇರಿ ಎರಡೂವರೆ ತಿಂಗಳಾಗಿತ್ತು. ಅಷ್ಟು ದಿನದಲ್ಲಿ ಅವಳ ಬಾಯಿಂದ ಬಂದ ಮಾತುಗಳಲ್ಲಿ ಮುಕ್ಕಾಲು ಪಾಲು 'ಹ್ಞೂಂ', 'ಸರಿ', 'ಆಯ್ತು'. ಹಾಗಾಗಿ ಮೌನಗೌರಿ ಎಂಬ ಹೆಸರು ಬಿದ್ದಿತ್ತು. ಇಟ್ಟವನು ಕಚೇರಿಯ ಡಿಸೈನರ್. ಅವನಿಗೂ ಒಂದು ಅಡ್ಡಹೆಸರಿತ್ತು: ಫೈನಲ್. ತಾನು ಮಾಡಿದ ಪ್ರತಿ ಚಿತ್ರದ ಹೆಸರಿನ ಬಾಲಕ್ಕೆ ಅವನು 'ಫೈನಲ್' ಎಂದು ಅಂಟಿಸುತ್ತಿದ್ದ. ಮರುದಿನ ತಿದ್ದಿದರೆ 'ಫೈನಲ್ ಎರಡು', ಆಮೇಲೆ 'ನಿಜವಾದ ಫೈನಲ್', ವಾರ ಕಳೆದ ಮೇಲೆ 'ಇದೇ ಫೈನಲ್'.

ಕಚೇರಿ ಎಂದರೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಮೇಲಿನ ಎರಡು ಕೋಣೆ. ಕೆಳಗೆ ಯಂತ್ರ ಗುಂಯ್ ಎಂದಾಗಲೆಲ್ಲ ಮೇಲೆ ಕೂತವರೂ ಒಮ್ಮೆ ದವಡೆ ಮುಟ್ಟಿಕೊಳ್ಳುತ್ತಿದ್ದರು. ಇವರಿಬ್ಬರ ಜೊತೆಗೆ ಎಲ್ಲರೂ ಅಣ್ಣ ಎಂದು ಕರೆಯುತ್ತಿದ್ದ ಹಿರಿಯ ಪ್ರೋಗ್ರಾಮರ್, ಮತ್ತು ಕಂಪನಿ ಕಟ್ಟಿದ ಮೇಡಂ. ಇಷ್ಟೇ ಸಂಸಾರ. ನೀರು ಸರಬರಾಜು ಇಲಾಖೆಯವರಿಗೆ ಒಂದು ಆ್ಯಪ್ ಮಾಡಿಕೊಡುವುದು ಅವರ ಕೈಯಲ್ಲಿದ್ದ ಏಕೈಕ ದೊಡ್ಡ ಕೆಲಸ. ಮೀಟರ್ ಓದುವವರು ಮನೆಮನೆಗೆ ಹೋಗಿ ಅಂಕಿಯನ್ನು ಫೋನಿನಲ್ಲೇ ತುಂಬಬೇಕು. ಅವರ ಬಳಿ ಇದ್ದದ್ದು ಎರಡು ಥರದ ಫೋನು. ಆ್ಯಪ್ ಎರಡರಲ್ಲೂ ಓಡಬೇಕು.

ಸೇರಿಸಿಕೊಳ್ಳುವಾಗಲೇ ಮೇಡಂ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಮೂರು ತಿಂಗಳು ಪರೀಕ್ಷೆ. ಇಲಾಖೆ ಆ್ಯಪ್ ಒಪ್ಪಿದರೆ ನೀನೂ ಉಳಿಯುತ್ತೀಯ. ಒಪ್ಪದಿದ್ದರೆ ಕೊನೆಗೆ ಬಂದವಳು ಮೊದಲು ಹೋಗಬೇಕಾಗುತ್ತದೆ. ಅವಳು 'ಸರಿ' ಎಂದಿದ್ದಳು. ಒಳಗೆ ಮಾತ್ರ, ಈ ಕೆಲಸವನ್ನು ಬಿಟ್ಟುಕೊಡಲಾರೆ ಎಂದು ಹಲ್ಲು ಕಚ್ಚಿಕೊಂಡಿದ್ದಳು.

ಅವಳ ಪಾಲಿಗೆ ಬಂದದ್ದು ಯಾರಿಗೂ ಬೇಡದ ಕೆಲಸ: ಚಿತ್ರಗಳ ಫೋಲ್ಡರನ್ನು ಒಪ್ಪ ಮಾಡುವುದು. ತೆರೆದು ನೋಡಿದರೆ ಸಾವಿರದ ನೂರು ಚಿತ್ರ. ನೀರಿನ ನಲ್ಲಿಯ ಚಿತ್ರವೊಂದೇ ಹತ್ತೊಂಬತ್ತು. ಸ್ಟೈಲ್ ಹಾಳೆಯ ಪಾಡು ಇನ್ನೂ ಕೆಟ್ಟದ್ದು. ಅಕ್ಷರ ಎಷ್ಟು ದಪ್ಪ, ಹಿನ್ನೆಲೆ ಯಾವ ಬಣ್ಣ ಎಂದು ಆ್ಯಪಿಗೆ ಹೇಳಿಕೊಡುವ ಕಡತ ಅದು. ಎರಡು ಥರದ ಫೋನಿಗೆ ಎರಡು ಹಾಳೆ, ಒಂದೊಂದರಲ್ಲೂ ಅದೇ ಕಡುನೀಲಿಯನ್ನು ಅರವತ್ತು ಕಡೆ ಬಿಡಿಬಿಡಿಯಾಗಿ ಬರೆದಿತ್ತು. ಒಂದರಲ್ಲಿ ತಿದ್ದಿದವರು ಇನ್ನೊಂದನ್ನು ಮರೆತಿದ್ದರಿಂದ, ಒಂದು ಫೋನಿನಲ್ಲಿ ಕಡುಹಸಿರಾಗಿದ್ದ ತಲೆಪಟ್ಟಿ ಇನ್ನೊಂದರಲ್ಲಿ ಗಿಣಿಹಸಿರಾಗಿ ಹೊಳೆಯುತ್ತಿತ್ತು. ಅಣ್ಣನನ್ನು ಕೇಳಿದರೆ, ನಡೀತಿರೋದನ್ನ ಮುಟ್ಟಬಾರದು ಎಂದ. ಫೈನಲ್‌ಗೆ ಒಂದೊಂದು ಚಿತ್ರ ತೋರಿಸಿ ಅಳಿಸಲೇ ಎಂದು ಕೇಳಿದರೆ, ಕರುಳು ಹಿಂಡಿದಂತೆ ಮುಖ ಮಾಡಿ, ಇರಲಿ ಬಿಡು, ಯಾವತ್ತಾದರೂ ಬೇಕಾಗುತ್ತೆ ಎನ್ನುತ್ತಿದ್ದ.

ಅವಳಿದ್ದದ್ದು ಚಿಕ್ಕಮ್ಮನ ಮನೆಯಲ್ಲಿ. ಚಿಕ್ಕಮ್ಮ ಆಪರೇಷನ್ ಕೋಣೆಯ ನರ್ಸು. ಕತ್ತರಿ, ಚಿಮುಟಗಳನ್ನು ತಟ್ಟೆಯಲ್ಲಿ ಜೋಡಿಸಿಡುವುದರಲ್ಲಿ ಎತ್ತಿದ ಕೈ. ಒಂದು ಸಂಜೆ ಬಟ್ಟೆ ಮಡಿಸುತ್ತ ಇವಳ ಗೋಳು ಕೇಳಿ ಹೇಳಿದಳು: "ಕತ್ತರಿಯೆಲ್ಲ ಒಂದು ಕಡೆ, ಚಿಮುಟ ಎಲ್ಲ ಒಂದು ಕಡೆ ಅಂತ ಇಟ್ರೆ ನೋಡೋಕೆ ಚಂದ ಕಣೆ. ಆದ್ರೆ ಡಾಕ್ಟರ ಕೈ ಹಾಗೆ ಹುಡುಕಲ್ಲ. ಯಾವ ಹೊತ್ತಿಗೆ ಯಾವುದು ಬೇಕೋ ಹಾಗಿಡು."

ಎಸೆಯುವುದಕ್ಕೆ ಯಾರೂ ಒಪ್ಪುವುದಿಲ್ಲ, ಆದರೆ ಅಟ್ಟಕ್ಕೆ ಹಾಕುತ್ತೇನೆ ಎಂದರೆ ಎಂಥವರೂ ತಲೆಯಾಡಿಸುತ್ತಾರೆ. ಇದು ಅವಳಿಗೆ ಹೊಳೆದ ಮೊದಲ ಉಪಾಯ. 'ಅಟ್ಟ' ಎಂಬ ಹೊಸ ಫೋಲ್ಡರ್ ಮಾಡಿದಳು. ಫೈನಲ್ ಸಂತೋಷದಿಂದ ಒಪ್ಪಿದ. ಆ್ಯಪ್ ನಿಜವಾಗಿ ಬಳಸುತ್ತಿದ್ದ ಚಿತ್ರಗಳು ಎಂಬತ್ತನಾಲ್ಕೇ; ಅವನ್ನು ಯಾವ ಪರದೆ ಕೇಳುತ್ತದೋ ಆ ಪರದೆಯ ಹೆಸರಿನಲ್ಲಿ ಇಟ್ಟಳು. ಚಿಕ್ಕ, ಮಧ್ಯಮ, ದೊಡ್ಡ ಎಂದು ಒಂದೊಂದಕ್ಕೂ ಮೂರು ಅಳತೆ, ಯಾವ ಫೋನಿಗೆ ಯಾವುದು ಹೊಂದುತ್ತದೋ ಅದು ಎತ್ತಿಕೊಳ್ಳಲಿ ಎಂದು. ಅಟ್ಟಕ್ಕೆ ಹೋದವನ್ನೂ ಸುಮ್ಮನೆ ಸುರಿಯಲು ಮನಸ್ಸಾಗದೆ, ಒಂದೇ ಬಣ್ಣದವನ್ನು ಒಟ್ಟಿಗೆ ಕಟ್ಟಿ, ಬಳಕೆಯಲ್ಲಿದ್ದವಕ್ಕೆ ಕೊಟ್ಟ ಹೆಸರು, ಅಳತೆಗಳನ್ನೇ ಅವಕ್ಕೂ ಕೊಟ್ಟಳು. ಆಮೇಲೆ ಎರಡು ಹಾಳೆಗಳನ್ನು ಬಿಚ್ಚಿ ಒಂದು ಮಾಡಿದಳು. ಬಣ್ಣಗಳಿಗೆ ನೀಲಿ, ಬಿಳಿ ಎನ್ನದೆ 'ಹಿನ್ನೆಲೆ', 'ಅಕ್ಷರ', 'ಎಚ್ಚರಿಕೆ' ಎಂದು ಅವು ಮಾಡುವ ಕೆಲಸದ ಹೆಸರು ಕೊಟ್ಟು, ಒಂದೊಂದನ್ನು ಒಂದೇ ಕಡೆ ಬರೆದಳು. ಎರಡು ಫೋನುಗಳಿಗೆ ನಿಜಕ್ಕೂ ಬೇರೆಯಾಗಬೇಕಾದದ್ದು ಹನ್ನೊಂದೇ ಸಾಲು. ಅವು ಮಾತ್ರ ಬೇರೆ ಉಳಿದವು.

ಮಾಡಿದೆ ಎಂದು ಹೇಳಲು ಎರಡು ಸಲ ಮೇಡಂ ಬಾಗಿಲವರೆಗೆ ಹೋಗಿ ವಾಪಸ್ ಬಂದಳು. ಒಪ್ಪವಾಗಿರುವುದನ್ನು ಯಾರೂ ಗಮನಿಸುವುದಿಲ್ಲ. ಯಾರೂ ಗಮನಿಸಲಿಲ್ಲ.

ಆ್ಯಪಿನ ಪರೀಕ್ಷೆಯ ದಿನ ಇಲಾಖೆಯ ಅಧಿಕಾರಿ ಎಲ್ಲರನ್ನೂ ಬೀದಿಗೇ ಕರೆಸಿದರು. ಮಟಮಟ ಮಧ್ಯಾಹ್ನ. ಸಾಲು ಮನೆಗಳು, ಗೇಟಿನ ಪಕ್ಕದಲ್ಲಿ ಕಬ್ಬಿಣದ ಮುಚ್ಚಳದ ಕೆಳಗೆ ಮೀಟರು. ಮೂವರು ಮೀಟರ್ ಓದುಗರು, ಮೂರು ಫೋನು. ಅವರಲ್ಲಿ ಹಿರಿಯಳಾದ ಹೆಂಗಸು ಇಪ್ಪತ್ತೆರಡು ವರ್ಷದಿಂದ ಈ ಬೀದಿಗಳನ್ನು ಸವೆಸಿದವಳು. ಮುಚ್ಚಳ ಎತ್ತಿ, ಫೋನು ಹಿಡಿದು, ಕತ್ತು ಆಚೆ ಈಚೆ ವಾಲಿಸಿ ನೋಡಿದಳು.

"ಇದರಲ್ಲಿ ನನ್ನ ಮುಖ ಚೆನ್ನಾಗಿ ಕಾಣ್ತಿದೆಯಪ್ಪ," ಎಂದಳು. "ನಂಬರ್ ಒಂದೇ ಕಾಣ್ತಿಲ್ಲ."

ಕಡುನೀಲಿಯ ಮೇಲೆ ತಿಳಿಬೂದು ಅಕ್ಷರ. ಕೋಣೆಯೊಳಗೆ ಸೊಗಸಾಗಿದ್ದದ್ದು ಬಿಸಿಲಿಗೆ ಕನ್ನಡಿಯಾಗಿತ್ತು. ಸರಿಪಡಿಸಲು ಎಷ್ಟು ಕಾಲ ಬೇಕು ಎಂದು ಅಧಿಕಾರಿ ಕೇಳಿದರು. ಅಣ್ಣ ಗಂಟಲು ಸರಿಮಾಡಿಕೊಂಡು, ಎರಡು ಥರದ ಫೋನು ಸಾರ್, ಎರಡು ವಾರವಾದರೂ ಬೇಕು ಎಂದ. ಸೋಮವಾರದಿಂದಲೇ ಓದುವ ಕೆಲಸ ಶುರು, ಹಾಗಿದ್ದರೆ ಅಂಕಿ ಬರೆದುಕೊಳ್ಳುವ ಹಳೆಯ ಪುಸ್ತಕವೇ ಗತಿ ಎನ್ನುತ್ತ ಅಧಿಕಾರಿ ಕೈಲಿದ್ದ ಫೈಲು ಮುಚ್ಚಿದರು. ಮೇಡಂ ಮುಖ ಇಳಿದುಹೋಯಿತು.

"ಹತ್ತು ನಿಮಿಷ ಸಾಕು."

ಅಂದವರು ಯಾರು ಎಂದು ಎಲ್ಲರೂ ಸುತ್ತ ನೋಡಿದರು. ಅವಳ ಕಿವಿ ಕೆಂಪಾಗಿತ್ತು, ಆದರೆ ಲ್ಯಾಪ್‌ಟಾಪ್ ಆಗಲೇ ಪಕ್ಕದ ಮನೆಯ ಕಾಂಪೌಂಡ್ ಗೋಡೆ ಏರಿತ್ತು. ಫೈನಲ್ ತನ್ನ ಚೀಲವನ್ನು ಎತ್ತಿ ಪರದೆಗೆ ನೆರಳು ಹಿಡಿದ. ಇಲ್ಲಿ ತಿದ್ದಿದ್ದು ಪರೀಕ್ಷೆಯ ಫೋನುಗಳಿಗೆ ಆ ಕ್ಷಣವೇ ಇಳಿಯುತ್ತಿತ್ತು. 'ಹಿನ್ನೆಲೆ'ಯನ್ನು ಬಿಳಿ ಮಾಡಿದಳು, 'ಅಕ್ಷರ'ವನ್ನು ಅಚ್ಚ ಕಪ್ಪು. ಎರಡೇ ಸಾಲು. ಮೂರು ಫೋನೂ ಒಂದರ ಹಿಂದೊಂದು ಬೆಳ್ಳಗಾದವು.

ಅಣ್ಣ ಬಗ್ಗಿ ನೋಡಿದ, ಮತ್ತೆ ನೋಡಿದ. ಆದರೆ ಹಿರಿಯಳು ಹುಬ್ಬು ಗಂಟಿಕ್ಕಿ, ನಂಬರೇನೋ ಬಂತು, ಒತ್ತೋ ಗುಂಡಿಗಳೆಲ್ಲ ಎಲ್ಲಿ ಹೋದವು ಎಂದಳು. ಗುಂಡಿಗಳ ಮೇಲಿನ ಬಿಳಿಗೆರೆಯ ಚಿತ್ರಗಳು ಬಿಳಿಯ ಮೇಲೆ ಕರಗಿಹೋಗಿದ್ದವು. ಅಧಿಕಾರಿ ಗಡಿಯಾರ ನೋಡಿದರು. ಅವಳು ಫೈನಲ್ ಕಡೆ ತಿರುಗಿದಳು.

"ನೀವು ಮೊಟ್ಟಮೊದಲು ಮಾಡಿದ ಕಪ್ಪು ಚಿತ್ರಗಳು ಬೇಕು."

"ಮೇಡಂ ಅವತ್ತೇ ಬೇಡ ಅಂದ್ರಲ್ಲ. ಅವೆಲ್ಲ ಯಾವ ಕಾಲಕ್ಕೋ ಕಳೆದುಹೋದ್ವು ಕಣೆ."

"ಕಳೆದಿಲ್ಲ. ಅಟ್ಟದಲ್ಲಿವೆ."

ಎಂಬತ್ತನಾಲ್ಕೂ ಇದ್ದವು, ಅವೇ ಹೆಸರು, ಅವೇ ಮೂರು ಅಳತೆ. ಒಂದು ಫೋಲ್ಡರನ್ನು ತೆಗೆದು ಅದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಳು. ನಲ್ಲಿ, ಕ್ಯಾಮೆರಾ, ಸರಿ ಎನ್ನುವ ಗುರುತು, ಎಲ್ಲವೂ ಮೂರೂ ಫೋನಿನಲ್ಲಿ ಶಾಯಿಯಲ್ಲಿ ಬರೆದಂತೆ ಮೂಡಿದವು. ಫೈನಲ್‌ನ ಕಣ್ಣು ತುಂಬಿದ್ದಕ್ಕೋ, ಬಿಸಿಲಿಗೋ, ಅವನು ಚೀಲವನ್ನು ಮುಖಕ್ಕೆ ಅಡ್ಡ ಹಿಡಿದ. ನೆರಳು ತಪ್ಪಿತು, ಅಣ್ಣ ಗದರಿದ.

ಹಿರಿಯಳು ಫೋನನ್ನು ತೋಳಿನುದ್ದಕ್ಕೆ ಹಿಡಿದು ಅಂಕಿ ಓದಿದಳು. ಆಮೇಲೆ ಇವಳ ಕಡೆ ತಿರುಗಿ, "ಇನ್ನೊಂಚೂರು ದಪ್ಪ ಮಾಡು ಮಗಳೇ. ಕನ್ನಡಕ ಮನೇಲೇ ಬಿಟ್ಟು ಬರ್ತೀನಿ," ಎಂದಳು.

ಒಂದು ಸಂಖ್ಯೆ ಬದಲಾಯಿತು. ಮೂರು ಪರದೆಗಳಲ್ಲಿ ಅಕ್ಷರಗಳು ಉಬ್ಬಿ ನಿಂತವು. ಓದುಗರು ಮೂವರೂ ನಕ್ಕರು.

"ಎರಡು ವಾರ ಅಂದ್ರಿ?" ಅಧಿಕಾರಿ ಅಣ್ಣನನ್ನು ಕೇಳಿದರು.

"ಅದು ಈ ಹುಡುಗಿ ಬರೋಕೆ ಮುಂಚಿನ ಅಂದಾಜು ಸಾರ್," ಎಂದ ಅಣ್ಣ. ಹಾಗೆನ್ನುವಾಗ ಅವನ ದನಿಯಲ್ಲಿ ಕೊಂಕಿರಲಿಲ್ಲ.

ಅಧಿಕಾರಿ ಫೈಲು ತೆರೆದು, ಗೋಡೆಯ ಮೇಲಿಟ್ಟೇ ಸಹಿ ಹಾಕಿದರು. ಸೋಮವಾರ ನಲವತ್ತೆರಡು ಓದುಗರು ಬರುತ್ತಾರೆ, ಅವರಿಗೆ ಹೇಳಿಕೊಡುವವರು ಯಾರು ಎಂದು ಕೇಳಿದರು. ಮೇಡಂ ಅವಳ ಹೆಗಲ ಮೇಲೆ ಕೈಯಿಟ್ಟು, ಇನ್ನು ಮುಂದೆ ಈ ಆ್ಯಪ್ ಇವಳದ್ದೇ, ಏನಿದ್ದರೂ ಇವಳನ್ನೇ ಕೇಳಿ ಎಂದರು. ನಲವತ್ತೆರಡು ಜನರ ಮುಂದೆ ಅವಳು ಮಾತಾಡಬೇಕಿತ್ತು. ಆದರೂ, "ಬರ್ತೀನಿ ಸಾರ್, ಎಷ್ಟು ಗಂಟೆಗೆ?" ಎಂದಳು.

ಹಿರಿಯಳು ಆಗಲೇ ಮುಂದಿನ ಗೇಟಿನ ಬಳಿ ನಿಂತು ಕೈ ಬೀಸುತ್ತಿದ್ದಳು. ಇವಳು ಓಡಿದಳು. ಬಿಸಿಯಾಗಿದ್ದ ಕಬ್ಬಿಣದ ಮುಚ್ಚಳವನ್ನು ಇಬ್ಬರೂ ಸೇರಿ ಎತ್ತಿದರು. ಹಿರಿಯಳು ಫೋನನ್ನು ಇವಳ ಕೈಗೇ ಕೊಟ್ಟು, ತಾನು ಮೀಟರಿನ ಗಾಜು ಒರೆಸಿ ಪಕ್ಕಕ್ಕೆ ಸರಿದಳು. ಇವಳು ಮಂಡಿಯೂರಿ ಕೂತು, ಆಚೆ ಗೋಡೆಯ ಬಳಿ ನಿಂತವರಿಗೆಲ್ಲ ಕೇಳುವ ಹಾಗೆ, ಗಟ್ಟಿಯಾಗಿ ಓದಿದಳು: "ಸೊನ್ನೆ, ನಾಲ್ಕು, ಏಳು, ಒಂದು, ಎಂಟು."