ಅಕ್ಕನ ಬಂದೂಕು, ತಮ್ಮನ ನಿಯಮ

ಪುರಸಭೆಯ ಅಧ್ಯಕ್ಷರಿಗೆ ಮುಖ್ಯ ಬೀದಿಯಲ್ಲಿ ಕನ್ನಡಕದ ಅಂಗಡಿ ಇತ್ತು. ಅಧ್ಯಕ್ಷರಾದ ಮೇಲೂ ಊರಿನವರು ಅವರನ್ನು ಕನ್ನಡಕದವರು ಎಂದೇ ಕರೆಯುತ್ತಿದ್ದರು. ಅದು ಅವರಿಗೆ ಒಳಗೊಳಗೇ ಚುಚ್ಚುತ್ತಿತ್ತು. ಅಂಗಡಿಯ ಮೇಲಿನ ಇಕ್ಕಟ್ಟು ಮನೆ ಬಿಟ್ಟು ಊರಂಚಿನಲ್ಲಿ ಹೊಸ ಮನೆ ಕಟ್ಟಿಸಿದ್ದಕ್ಕೆ ಅದೂ ಒಂದು ಕಾರಣ ಇದ್ದೀತು. ಮಲಗುವ ಕೋಣೆಗೆ ಅಗಲವಾದ ಗಾಜಿನ ಕಿಟಕಿ, ಕಿಟಕಿಯ ಕೆಳಗೆ ಕಾಲುವೆ. ಕಾಲುವೆಯೇ ಊರಿನ ಗಡಿ. ಅದರಾಚೆ ಅವರ ಅಕ್ಕನ ದ್ರಾಕ್ಷಿ ತೋಟ.

ಅಕ್ಕ, ಗಂಡ ತೀರಿಕೊಂಡ ಮೇಲೆ ಆ ತೋಟವನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಹಣ್ಣು ಬಣ್ಣ ತಿರುಗುವ ಕಾಲಕ್ಕೆ ಹಕ್ಕಿಗಳು ಹಿಂಡು ಹಿಂಡಾಗಿ ಬಂದಿಳಿಯುತ್ತಿದ್ದವು. ಬೆಳಕು ಹರಿಯುವ ಹೊತ್ತಿಗೆ ಆಕೆ ಅಪ್ಪನ ಕಾಲದ ಬಂದೂಕು ಹಿಡಿದು ಹೊರಗೆ ಬಂದು, ಆಕಾಶದ ಕಡೆಗೆ ಒಂದು ಈಡು ಹಾರಿಸಿ, ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ಅಡುಗೆಮನೆಗೆ ಮರಳುತ್ತಿದ್ದಳು. ಅಪ್ಪ ಬಂದೂಕನ್ನು ಮಗನಿಗೆ ಕೊಡದೆ ಮಗಳಿಗೆ ಕೊಟ್ಟಿದ್ದರು. ಮಗ ಬಂದೂಕು ಕಂಡ ಕೂಡಲೇ ಎರಡೂ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಹೊಸ ಮನೆಯ ಮೊದಲ ಬೆಳಗ್ಗೆ ಆ ಈಡಿನ ಸದ್ದಿಗೆ ಅಧ್ಯಕ್ಷರು ಹಾಸಿಗೆಯಿಂದ ಎದ್ದು ಕೂತರು. ಎದೆ ಹೊಡೆದುಕೊಳ್ಳುವುದು ತಿಂಡಿಯ ಹೊತ್ತಿಗೂ ನಿಂತಿರಲಿಲ್ಲ. ಅದೇ ವಾರ ಕಾಲುವೆ ದಾಟಿ ಹೋಗಿ, ಸ್ವಲ್ಪ ತಡವಾಗಿ ಹಾರಿಸಬಾರದೇ ಎಂದು ಕೇಳಿದರು. ಅಕ್ಕ ಬಳ್ಳಿ ಕಟ್ಟುವುದನ್ನು ನಿಲ್ಲಿಸಲಿಲ್ಲ.

"ತಡವಾಗಿ ಬರೋಕೆ ಹಕ್ಕಿಗಳಿಗೆ ಹೇಳು, ನಾನೂ ತಡವಾಗಿ ಹಾರಿಸ್ತೀನಿ. ತೋಟ ನಿನ್ನ ಮನೆ ಹತ್ರ ಬಂದಿಲ್ಲಪ್ಪ, ನಿನ್ನ ಮನೆ ತೋಟದ ಹತ್ರ ಬಂದಿದೆ."

ಅಧ್ಯಕ್ಷರು ಮುಖ ಗಂಟಿಕ್ಕಿಕೊಂಡು ವಾಪಸು ಬಂದರು. ಅಕ್ಕನಿಗೆ ಹೇಳಿ ಆಗದ ಕೆಲಸವನ್ನು ಪುರಸಭೆಯಿಂದ ಮಾಡಿಸಬಹುದು ಎಂಬುದು ದಾರಿಯಲ್ಲೇ ಹೊಳೆಯಿತು.

ಸಭೆಯಲ್ಲಿ ಅವರು ಅಕ್ಕನ ಹೆಸರೆತ್ತಲಿಲ್ಲ, ತಮ್ಮ ನಿದ್ದೆಯ ಮಾತಂತೂ ಆಡಲೇ ಇಲ್ಲ. ಊರು ಬೆಳೆಯುತ್ತಿದೆ, ಗಡಿಯಂಚಿನಲ್ಲಿ ಮನೆಗಳು ಏಳುತ್ತಿವೆ, ನಾಳೆ ಒಂದು ಗುಂಡು ದಾರಿ ತಪ್ಪಿ ಯಾರದೋ ತೊಟ್ಟಿಲಿಗೆ ಬಂದು ಬಿದ್ದರೆ ಯಾರು ಹೊಣೆ ಎಂದು ಕೇಳಿದರು. ಗಡಿಯ ಸುತ್ತ ಒಂದು ಕಿಲೋಮೀಟರಿನೊಳಗೆ ಬಂದೂಕು ಹಾರಿಸಕೂಡದು ಎಂಬ ನಿಯಮ ಬೇಕೆಂದರು. ಬೇಕರಿ ನಡೆಸುತ್ತಿದ್ದ ಸದಸ್ಯರೊಬ್ಬರು ಮೊದಲಿಗೆ ಒಪ್ಪಲಿಲ್ಲ. ಇಷ್ಟು ವರ್ಷ ಯಾರಿಗೂ ಒಂದು ತರಚೂ ಆಗಿಲ್ಲವಲ್ಲ ಎಂಬುದು ಅವರ ವಾದ. ಅಧ್ಯಕ್ಷರು ತೊಟ್ಟಿಲನ್ನು ಇನ್ನೊಮ್ಮೆ ವರ್ಣಿಸಿದರು. ಈ ಸಲ ಅದರಲ್ಲಿ ಒಂದು ಮಗು ನಗುತ್ತಾ ಮಲಗಿತ್ತು. ಬೇಕರಿಯವರಿಗೆ ಆಗತಾನೇ ಮೊಮ್ಮಗಳು ಹುಟ್ಟಿದ್ದಳು. ಅವರು ಕಣ್ಣೊರೆಸಿಕೊಂಡು ಕೈ ಎತ್ತಿದರು.

ಇನ್ನು ಉಳಿದದ್ದು ಪಟಾಕಿ ಅಂಗಡಿ ಇಟ್ಟಿದ್ದ ಸದಸ್ಯರು. ಢಂ ಅನ್ನುವುದೆಲ್ಲ ಬಂದೂಕಾದರೆ ತಮ್ಮ ವ್ಯಾಪಾರದ ಗತಿ ಏನೆಂದು ಅವರು ಕೇಳಿದರು. ಅವರ ಮತವೂ ಬೇಕಿತ್ತು. ಅದಕ್ಕೆ ಅಧ್ಯಕ್ಷರು ತಾವೇ ಕೂತು, ಕೊಳವೆಯಿಂದ ಗುಂಡನ್ನೋ ಚರೆಯನ್ನೋ ಹೊಮ್ಮಿಸುವ ಆಯುಧ ಮಾತ್ರ ಬಂದೂಕು, ಬರೀ ಸದ್ದು ಮಾಡುವ ಯಾವ ವಸ್ತುವಿಗೂ ಈ ನಿಯಮ ತಗಲುವುದಿಲ್ಲ ಎಂದು ಸೇರಿಸಿದರು. ನಿಯಮ ಒಮ್ಮತದಿಂದ ಪಾಸಾಯಿತು.

ಪುರಸಭೆಯ ಕಾರ್ಯದರ್ಶಿ ಅದರ ಪ್ರತಿಯನ್ನು ಅಕ್ಕನಿಗೆ ತಲುಪಿಸಲು ಹೆದರುತ್ತಲೇ ಹೋದ. ಆಕೆ ರೇಗಲಿಲ್ಲ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು, ಕೊನೆಯ ಸಾಲನ್ನು ಇನ್ನೊಮ್ಮೆ ಓದಿಸಿ ಕೇಳಿದಳು, ಬಂದೂಕಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿ ಅಟ್ಟದ ಮೇಲಿಟ್ಟಳು. ಹೊರಡುವಾಗ ಕಾರ್ಯದರ್ಶಿಯ ಕೈಗೆ ಎರಡು ಗೊಂಚಲು ಹಣ್ಣನ್ನೂ ಕೊಟ್ಟಳು.

ಬೆಳಗುಗಳು ಶಾಂತವಾದವು. ಅಧ್ಯಕ್ಷರಿಗೆ ಮಾತ್ರ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಬಾರದ ಸದ್ದಿಗಾಗಿ ಕಿವಿಗೊಟ್ಟು ಮಲಗುತ್ತಿದ್ದರು. ಆಮೇಲೆ ಮೆಲ್ಲಗೆ ಎದ್ದು, ಪರದೆ ಸರಿಸಿ, ಅಕ್ಕನ ಅಡುಗೆಮನೆಯಲ್ಲಿ ದೀಪ ಹತ್ತಿದೆಯೇ ಎಂದು ನೋಡುತ್ತಿದ್ದರು. ಇಷ್ಟು ದಿನ ಆ ಈಡು ಕೇಳಿದರೆ ಅಕ್ಕ ಎದ್ದಿದ್ದಾಳೆ, ಚೆನ್ನಾಗಿದ್ದಾಳೆ ಎಂದು ಗೊತ್ತಾಗುತ್ತಿತ್ತು. ಹೀಗೊಂದು ಉಪಯೋಗ ಅದಕ್ಕಿತ್ತೆಂದು ಅವರಿಗೆ ಈಗ ತಿಳಿಯಿತು. ಏನು ನೋಡುತ್ತಿದ್ದೀರಿ ಎಂದು ಹೆಂಡತಿ ಕೇಳಿದರೆ, ಮೋಡ ಎನ್ನುತ್ತಿದ್ದರು.

ಆ ಚಿಂತೆ ಬಹಳ ದಿನ ಉಳಿಯಲಿಲ್ಲ. ಒಂದು ಸೋಮವಾರ ಕಾಲುವೆಯಾಚೆ ಢಮಾರ್ ಎಂದು ಸದ್ದಾಗಿ ಕಿಟಕಿಯ ಗಾಜು ನಡುಗಿತು. ಕಾಲು ಗಂಟೆ ಬಿಟ್ಟು ಇನ್ನೊಂದು. ಮತ್ತೆ ಕಾಲು ಗಂಟೆಗೆ ಮತ್ತೊಂದು. ಅಕ್ಕ ಹಕ್ಕಿ ಬೆದರಿಸುವ ಯಂತ್ರ ತರಿಸಿದ್ದಳು. ಗ್ಯಾಸ್ ಸಿಲಿಂಡರಿಗೆ ಜೋಡಿಸಿದ ದಪ್ಪ ಕೊಳವೆ ಅದು. ಅದರಿಂದ ಗುಂಡೂ ಬರುತ್ತಿರಲಿಲ್ಲ, ಚರೆಯೂ ಬರುತ್ತಿರಲಿಲ್ಲ. ಬೆಳಗಿನಿಂದ ಹೊತ್ತು ಮುಳುಗುವ ತನಕ ತನ್ನಷ್ಟಕ್ಕೆ ತಾನು ಸಿಡಿಯುತ್ತಿತ್ತು. ಉಳಿದ ಸದಸ್ಯರೆಲ್ಲ ಪೇಟೆಯ ನಡುವೆ ಇದ್ದವರು, ಅವರಿಗೆ ಅದು ಕೇಳಿಸುತ್ತಲೇ ಇರಲಿಲ್ಲ. ಅಧ್ಯಕ್ಷರ ಹೆಂಡತಿ ಒಂದು ವಾರ ಸಹಿಸಿ ನೋಡಿ ತಂಗಿಯ ಮನೆಗೆ ಹೊರಟುಬಿಟ್ಟರು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ನಿಯಮವನ್ನು ರದ್ದು ಮಾಡೋಣ ಎಂದರು. ಬೇಕರಿಯವರು ಎದ್ದು ನಿಂತರು. ಊರು ಬೆಳೆಯುತ್ತಿದೆ ಎಂದರು, ಗುಂಡು ದಾರಿ ತಪ್ಪುವುದನ್ನು ಹೇಳಿದರು, ಕೊನೆಗೆ ತೊಟ್ಟಿಲಿಗೆ ಬಂದರು. ಅಧ್ಯಕ್ಷರದೇ ಮಾತುಗಳು ಅವರ ಬಾಯಲ್ಲಿ ಇನ್ನೂ ಚೆನ್ನಾಗಿ ಕೇಳುತ್ತಿದ್ದವು. ಹೋಗಲಿ, ಸದ್ದು ಮಾಡುವ ಯಂತ್ರಗಳನ್ನಾದರೂ ನಿಯಮಕ್ಕೆ ಸೇರಿಸೋಣ ಎಂದು ಅಧ್ಯಕ್ಷರು ಅಂಗಲಾಚಿದರು. ಇವತ್ತು ಯಂತ್ರ, ನಾಳೆ ನನ್ನ ಅಂಗಡಿ ಎಂದು ಪಟಾಕಿಯವರು ಮೇಜು ಗುದ್ದಿದರು. ಮತಕ್ಕೆ ಹಾಕಿದಾಗ ಅಧ್ಯಕ್ಷರ ಕೈಯೊಂದೇ ಮೇಲಿತ್ತು.

ಅಂದು ಸಂಜೆ ಅವರು ಮತ್ತೆ ಕಾಲುವೆ ದಾಟಿದರು. ಅಕ್ಕ ಅಂಗಳದಲ್ಲಿ ಹಣ್ಣು ಆರಿಸುತ್ತಾ ಕೂತಿದ್ದಳು.

"ಅಕ್ಕ, ನೀನು ಮೊದಲಿನ ಹಾಗೆ ಬಂದೂಕೇ ಹಾರಿಸು. ಯಾರೂ ಏನೂ ಕೇಳದ ಹಾಗೆ ನಾನು ನೋಡ್ಕೋತೀನಿ."

"ನಿಯಮ ಮೀರು ಅಂತ ಅಧ್ಯಕ್ಷನೇ ಬಂದು ಹೇಳಿದ್ರೆ ಹೇಗೆ? ಅದೆಲ್ಲ ನನ್ನ ಕೈಲಾಗಲ್ಲ."

"ಹಾಗಾದ್ರೆ ಆ ಯಂತ್ರ ನಿಲ್ಸು."

"ನಿಲ್ಲಿಸ್ತೀನಿ. ಹಕ್ಕಿ ಯಾರು ಓಡಿಸ್ತಾರೆ? ನೀನು ಬರ್ತೀಯಾ?"

ಅವರು ತಮಾಷೆ ಎಂದುಕೊಂಡು ನಕ್ಕರು. ಅಕ್ಕ ನಗಲಿಲ್ಲ.

ಮರುದಿನ ಬೆಳಕು ಹರಿಯುವಾಗ ಪುರಸಭೆಯ ಅಧ್ಯಕ್ಷರು ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಒಂದು ತಗಡಿನ ಡಬ್ಬ ಬಡಿಯುತ್ತಾ, ದ್ರಾಕ್ಷಿ ಸಾಲುಗಳ ನಡುವೆ ಹೋ ಹೋ ಎಂದು ಕೂಗುತ್ತಾ ಓಡಾಡಿದರು. ಮೊದಲಿಗೆ ಹಕ್ಕಿಗಳು ಅವರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಅವರು ಭಾಷಣದ ಗಂಟಲು ತೆರೆದಾಗ ಇಡೀ ಹಿಂಡು ಒಮ್ಮೆಲೇ ಎದ್ದು ಹೋಯಿತು. ಏದುಸಿರು ಬಿಡುತ್ತಾ ಕಟ್ಟೆಯ ಮೇಲೆ ಕೂತವರಿಗೆ ಅಕ್ಕ ಕಾಫಿ ತಂದುಕೊಟ್ಟಳು.

"ಕಿವಿ ಮುಚ್ಕೊಳ್ಳದೆ ಇಷ್ಟು ಸದ್ದು ಮಾಡಿದ್ದು ಇದೇ ಮೊದಲು ಕಣೋ ನೀನು."

ಅವರಿಗೆ ನಗು ಬಂತು. ಕಾಫಿ ಲೋಟ ಅಲುಗಿ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡರು. ಹಣ್ಣು ಕೊಯ್ದು ಮುಗಿಯುವ ತನಕ ಒಂದು ದಿನವೂ ತಪ್ಪಿಸಲಿಲ್ಲ. ಹೆಂಡತಿ ವಾಪಸು ಬಂದರು. ಬಿಸಿಲಿಗೆ ಕಪ್ಪಾದ ಗಂಡನನ್ನು ನೋಡಿ, ಏನು ಎಂತು ಎಂದು ಕೇಳದೆ ಮಜ್ಜಿಗೆ ತಂದುಕೊಟ್ಟರು.

ಕೊಯ್ಲು ಮುಗಿದ ಮರುದಿನವೇ ಇದ್ದ ವರ್ಷದ ಕೊನೆಯ ಸಭೆಯಲ್ಲಿ ಪುರಸಭೆಯ ಸಾಧನೆಗಳನ್ನು ಓದಬೇಕಿತ್ತು. ಬಂದೂಕಿನ ನಿಯಮದಿಂದಾಗಿ ಊರಂಚಿನಲ್ಲಿ ಶಾಂತಿ ನೆಲೆಸಿದೆ, ಇದು ಅಧ್ಯಕ್ಷರ ದೂರದೃಷ್ಟಿಯ ಫಲ ಎಂದು ಕಾರ್ಯದರ್ಶಿ ಬರೆದಿದ್ದ. ಅಧ್ಯಕ್ಷರು ಎದ್ದು ನಿಂತರು, ಬಾಯಿ ತೆರೆದರು, ಸ್ವರವೇ ಹೊರಡಲಿಲ್ಲ. ಗಂಟಲು ಪೂರ್ತಿ ಕೂತುಹೋಗಿತ್ತು. ಊರಿಗಾಗಿ ಎಷ್ಟು ಮಾತಾಡಿದ್ದಾರೆ ಪಾಪ ಎಂದು ಬೇಕರಿಯವರು ಮರುಗಿ, ಕಾಗದ ತೆಗೆದುಕೊಂಡು ತಾವೇ ಓದತೊಡಗಿದರು.